ಆಪ್ ಬಾಸ್ ಆದ್ರೆ ಜವಾಬು ಯಾರ್ದು? (ಭಾಗ 3)

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಗೆಳೆಯರೇ, ಇದು ನಮ್ಮದೇ ವಿಷಯ 👇

ಡಿಗ್ರಿ ಮುಗಿಸಿ ಮೈಸೂರು, ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹಾಕ್ಕೊಂಡವರು ನಮ್ಮಲ್ಲಿ ಎಷ್ಟು ಜನ! ಆರ್ಡರ್ ಕೊಡೋದು ಆಪ್, ರೇಟು ಕಟ್ಟೋದು ಆಪ್, ಐಡಿ ಬ್ಲಾಕ್ ಮಾಡೋದೂ ಆಪ್. ಯಾಕೆ ಅಂದ್ರೆ, "ಸಿಸ್ಟಮ್ ಮಾಡಿದ್ದು" ಅಂತಾರೆ.

ಸಿಸ್ಟಮ್‌ಗೆ ಹಾಗೆ ಮಾಡು ಅಂತ ಹೇಳಿಕೊಟ್ಟಿದ್ದು ಎಸಿ ರೂಮಲ್ಲಿ ಕೂತಿರೋ ಮನುಷ್ಯರೇ. ಲಾಭ ಬಂದಾಗ ನಾಯಕ ಮುಂದೆ, ಅನ್ಯಾಯ ಆದಾಗ ಎಐ ಮುಂದೆ! ಇದು ನಾಯಕತ್ವ ಅಲ್ಲ, ಕಣ್ಣಾಮುಚ್ಚಾಲೆ.

ನಮ್ಮ ಹೊಗೆಸೊಪ್ಪಿನ ಹರಾಜಲ್ಲೂ ರೈತನಿಗೆ ಗೋಳಿದೆ. ಆದ್ರೂ ಕೂಗಿದ ರೇಟು ಅವನಿಗೆ ಗೊತ್ತಾಗುತ್ತೆ, ಒಪ್ಪದಿದ್ರೆ ಬೇಲ್ ಕೊಡಲ್ಲ ಅನ್ನಬಹುದು. ಮಳೆಯಲ್ಲಿ ಬೈಕ್ ಓಡಿಸೋ ಅವನ ಮಗನಿಗೆ ಅಷ್ಟೂ ಹಕ್ಕು ಬೇಡ್ವಾ?

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಏನು ಹೇಳುತ್ತೆ?
✊ ಕೆಲಸದಿಂದ ತೆಗೆಯೋಕೆ ಬರಹದಲ್ಲಿ ಕಾರಣ, 14 ದಿನದ ನೋಟಿಸ್ ಬೇಕು.
✊ ಸ್ವಯಂಚಾಲಿತ ವ್ಯವಸ್ಥೆ ನಮ್ಮ ಕೆಲಸವನ್ನ ಹೇಗೆ ಅಳೆಯುತ್ತೆ ಅಂತ ಕಂಪನಿ ತಿಳಿಸಬೇಕು.
✊ ಕಾರ್ಮಿಕರಿಗೆ ಕೊಡೋ ಹಣದ 1ರಿಂದ 5% ಕಲ್ಯಾಣ ಶುಲ್ಕ ಕಟ್ಟಬೇಕು.

ಕೇಳೋರಿಲ್ಲದಿದ್ರೆ ಕಾಯ್ದೆ ಬರೀ ಕಾಗದ. ಐಡಿ ಬ್ಲಾಕ್ ಆದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಕಾರಣ ಬರಹದಲ್ಲಿ ಕೇಳಿ, ಒಬ್ಬರೇ ಅಲ್ಲ, ಜೊತೆಯಾಗಿ ಕೇಳಿ.

ಸೇವ್ ಮಾಡಿ, ಬ್ಯಾಗ್ ಹಾಕ್ಕೊಂಡಿರೋ ಗೆಳೆಯರಿಗೆ ಕಳಿಸಿ.

#ಜವಾಬುಕೊಡಿ #ಗಿಗ್‌ಕಾರ್ಮಿಕರು