ರೇಸಿಗೆ ಹೆಸರು ಕೊಡುವ ಮುನ್ನ

ಗೆಳೆಯರೆಲ್ಲ ಹೆಸರು ಕೊಟ್ಟಾಗಿದೆ. ಶುಲ್ಕ ಕಟ್ಟಲು ಇನ್ನು ನಾಲ್ಕೇ ದಿನ ಬಾಕಿ. ನಿಮ್ಮಲ್ಲಿ ಗೇರ್ ಸೈಕಲ್ ಇದೆ, ಕಾಲಲ್ಲಿ ಕಸುವಿದೆ, ದಿನಾ ಬೆಳಿಗ್ಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿದು ಬರುವ ಅಭ್ಯಾಸವೂ ಇದೆ. ಆದರೂ ರಾತ್ರಿ ಮಲಗಿದಾಗ ಒಂದು ಪ್ರಶ್ನೆ ಕಾಡುತ್ತದೆ. ನಾನು ನಿಜಕ್ಕೂ ತಯಾರಾಗಿದ್ದೇನೆಯೇ?

ಮೌಂಟನ್ ಬೈಕ್ ರೇಸ್ ಎಂದ ಕೂಡಲೇ ಮನೆಯ ಹಿರಿಯರು ಬೆಚ್ಚುವುದುಂಟು. ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಹಾಕುವ ಗಾಡಿ ತಾನೇ? ಮೊದಲು ಅವರಿಗೆ ಇದು ಸೈಕಲ್ ಎಂದು ಬಿಡಿಸಿ ಹೇಳಿ. ಗುಡ್ಡ, ತೋಟದ ಮಣ್ಣುದಾರಿ, ಕಲ್ಲು, ಬೇರು, ಕೊರಕಲುಗಳ ಮೇಲೆ ಸೈಕಲ್ ಓಡಿಸುವ ಸ್ಪರ್ಧೆ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಸೇರಿತು. ಅದೇ ವರ್ಷ ಪುರುಷರಿಗೂ ಮಹಿಳೆಯರಿಗೂ ಸ್ಪರ್ಧೆ ನಡೆಯಿತು. ಆದ್ದರಿಂದ ಮಗಳು ಕೇಳಿದಾಗ "ಇದು ಹುಡುಗರ ಆಟ" ಎಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ರಾಜ್ಯಕ್ಕೂ ಇದು ದೂರದ ವಿಷಯವಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳ ಹೆಸರು ಹಿಂದಿನಿಂದಲೂ ಕೇಳಿಬರುತ್ತದೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಗದಗದಲ್ಲೇ.

ಈಗ ನನ್ನ ಕಥೆ ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ತಮೂರು ವರ್ಷ. ಡಾಂಬರು ರಸ್ತೆಯಲ್ಲಿ ದಿನಕ್ಕೆ ನಲವತ್ತು ಕಿಲೋಮೀಟರ್ ತುಳಿಯುತ್ತಿದ್ದೆ. ಏರಿನಲ್ಲಿ ನನ್ನ ಜೊತೆಗಾರರು ಯಾರೂ ನನ್ನ ಹಿಂದೆ ಉಳಿಯುತ್ತಿರಲಿಲ್ಲ ಎನ್ನಬೇಕು, ಏಕೆಂದರೆ ಎಲ್ಲರೂ ಬಹಳ ಹಿಂದೆ ಉಳಿಯುತ್ತಿದ್ದರು! ಆ ಧೈರ್ಯದಲ್ಲಿ ಕಾಫಿ ತೋಟವೊಂದರಲ್ಲಿ ನಡೆದ ರೇಸಿಗೆ ಹೋದೆ. ಮೊದಲ ಸುತ್ತು ಚೆನ್ನಾಗಿತ್ತು. ಎರಡನೆಯದರಲ್ಲಿ ಮುಂಗೈ ಬಿಗಿಯತೊಡಗಿತು. ಮೂರನೇ ಸುತ್ತಿನ ಇಳಿಜಾರಿಗೆ ಬಂದಾಗ ಕಾಲಿನಲ್ಲಿ ಶಕ್ತಿ ಇತ್ತು, ಆದರೆ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ತಿರುವಿನಲ್ಲಿ ಗಾಬರಿಯಿಂದ ಮುಂದಿನ ಬ್ರೇಕನ್ನು ಪೂರ್ತಿ ಅದುಮಿದೆ. ಹ್ಯಾಂಡಲ್ ಮೇಲಿನಿಂದ ಹಾರಿ ಬಿದ್ದೆ. ಕೊರಳೆಲುಬು ಮುರಿಯಿತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕುಳಿತೆ. ಅಂಗಿ ತೊಡಿಸುವುದರಿಂದ ಹಿಡಿದು ಮೀನಿನ ಮುಳ್ಳು ಬಿಡಿಸಿಕೊಡುವವರೆಗೆ ಎಲ್ಲವನ್ನೂ ಉಮ್ಮ ಮಾಡಿದರು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಯೋಜಕರ ತಪ್ಪೇನೂ ಇರಲಿಲ್ಲ. ದಾರಿಯೂ ಕೆಟ್ಟದಾಗಿರಲಿಲ್ಲ. ನಾನು ನನ್ನನ್ನು ಪರೀಕ್ಷಿಸಿಕೊಂಡದ್ದು ಏರಿನಲ್ಲಿ ಮಾತ್ರ. ಆದರೆ ಈ ಆಟದಲ್ಲಿ ಪೆಟ್ಟು ಬೀಳುವುದು ಇಳಿಜಾರಿನಲ್ಲಿ, ಅದೂ ದಣಿದ ಮೇಲೆ. "ನಾನು ಎಷ್ಟು ವೇಗವಾಗಿ ಏರಬಲ್ಲೆ?" ಎಂಬುದು ಆಮೇಲಿನ ಪ್ರಶ್ನೆ. "ಸುಸ್ತಾದ ಮೇಲೂ ನಾನು ಕ್ಷೇಮವಾಗಿ ಇಳಿಯಬಲ್ಲೆನೇ?" ಎಂದು ಮೊದಲು ಕೇಳಿಕೊಳ್ಳಿ.

ನೋಡಿ, ಈ ಆಟ ಹುಟ್ಟಿದ್ದೂ ಇಳಿಜಾರಿನಲ್ಲೇ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ಭಾರದ ಸೈಕಲ್‌ಗಳನ್ನು ಗುಡ್ಡದ ತುದಿಗೆ ಒಯ್ದು ಮಣ್ಣುದಾರಿಯಲ್ಲಿ ಕೆಳಗೆ ಓಡಿಸುವ ಪಂದ್ಯ ಶುರು ಮಾಡಿದರು. ಸುಮಾರು ಮೂರು ಕಿಲೋಮೀಟರ್ ದಾರಿಯಲ್ಲಿ ಸುಮಾರು ನಾನೂರು ಮೀಟರ್ ಇಳಿತ. ಆ ಸೈಕಲ್‌ಗಳ ಬ್ರೇಕ್ ಹಿಂದಿನ ಚಕ್ರದ ಹಬ್ಬಿನೊಳಗೆ ಇರುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಕೆಳಗೆ ಮುಟ್ಟುವಷ್ಟರಲ್ಲಿ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಹೀಗೆ ಮತ್ತೆ ತುಂಬುವುದನ್ನೇ ಇಂಗ್ಲಿಷಿನಲ್ಲಿ 'ರೀಪ್ಯಾಕ್' ಎನ್ನುತ್ತಾರೆ, ಆ ಪಂದ್ಯಕ್ಕೂ ದಾರಿಗೂ ಅದೇ ಹೆಸರು ನಿಂತಿತು. ಈಗ ಡಿಸ್ಕ್ ಬ್ರೇಕ್ ಬಂದಿದೆ. ಆದರೆ ಬ್ರೇಕ್ ಹಿಡಿಯುವ ಬೆರಳು ನಮ್ಮದೇ ತಾನೇ?

ಹಾಗಾದರೆ ಪರೀಕ್ಷಿಸಿಕೊಳ್ಳುವುದು ಹೇಗೆ? ಮೊದಲು ನೀವು ಸೇರಬೇಕೆಂದಿರುವ ರೇಸಿನ ವಿವರ ಕೇಳಿ ತಿಳಿದುಕೊಳ್ಳಿ. ಒಂದು ಸುತ್ತು ಎಷ್ಟು ಕಿಲೋಮೀಟರ್, ಎಷ್ಟು ಸುತ್ತು, ಎಷ್ಟು ಏರು. ಒಲಿಂಪಿಕ್ ಮಾದರಿಯ ಕ್ರಾಸ್ ಕಂಟ್ರಿಯಲ್ಲಿ ಸುತ್ತೊಂದು ಸಾಮಾನ್ಯವಾಗಿ 4ರಿಂದ 6 ಕಿಲೋಮೀಟರ್. ದೊಡ್ಡ ಆಟಗಾರರು ಒಂದೂ ಕಾಲು ಗಂಟೆಯಿಂದ ಒಂದೂ ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತಾರೆ. ಹವ್ಯಾಸಿಗಳಿಗೆ ಸುತ್ತುಗಳು ಕಡಿಮೆ. ಗೆದ್ದವರು ಒಂದು ಗಂಟೆಯಲ್ಲಿ ಮುಗಿಸಿದರೆ ಹೊಸಬರಿಗೆ ಒಂದೂವರೆ ಗಂಟೆ ಹಿಡಿಯಬಹುದು. ಅಷ್ಟು ಹೊತ್ತು, ಅದೇ ಬಗೆಯ ನೆಲದಲ್ಲಿ, ಕಾಲು ಕೆಳಗಿಡದೆ ತುಳಿದ ಅನುಭವ ನಿಮಗೆ ಒಂದೆರಡು ಸಲವಾದರೂ ಆಗಿರಬೇಕು. ಡಾಂಬರಿನ ನಲವತ್ತು ಕಿಲೋಮೀಟರ್ ಇಲ್ಲಿ ಲೆಕ್ಕಕ್ಕಿಲ್ಲ. ಉದುರು ಕೆಂಪುಕಲ್ಲಿನ ಮೇಲೆ ಹತ್ತು ಕಿಲೋಮೀಟರ್ ಹೋಗಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಪರಿಚಯದವರ ತೋಟ, ಊರಿನ ಗುಡ್ಡೆ ಸಾಕು. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗಬೇಡಿ.

ಮುಖ್ಯವಾದ ಪರೀಕ್ಷೆ ಇನ್ನು ಬರುತ್ತದೆ. ಒಂದು ಗಂಟೆ ಚೆನ್ನಾಗಿ ತುಳಿಯಿರಿ. ಉಸಿರು ಮೇಲಕ್ಕೆ ಬರುವಷ್ಟು ಏರಿ. ನಿಲ್ಲದೆ ಆ ಕೂಡಲೇ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಇಳಿಜಾರಿನಲ್ಲಿ ಇಳಿಯಿರಿ. ಗಮನವಿಟ್ಟು ನೋಡಿಕೊಳ್ಳಿ. ಸೀಟಿನಿಂದ ಎದ್ದು, ಎರಡೂ ಪೆಡಲುಗಳನ್ನು ನೆಲಕ್ಕೆ ಸಮನಾಗಿಟ್ಟು, ಮೊಣಕೈ ಮಡಚಿ ನಿಲ್ಲಲು ಆಗುತ್ತಿದೆಯೇ? ಒಂದೋ ಎರಡೋ ಬೆರಳಿನಿಂದ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಡಲು ಆಗುತ್ತಿದೆಯೇ? ತಿರುವು ಬರುವುದಕ್ಕೆ ಮೊದಲೇ ವೇಗ ತಗ್ಗಿಸಿದಿರಾ, ಅಥವಾ ತಿರುವಿನ ನಡುವೆ ಗಾಬರಿಯಾಗಿ ಹಿಡಿದಿರಾ? ಕಣ್ಣು ದಾರಿಯ ಮುಂದಿತ್ತೋ, ಮುಂದಿನ ಚಕ್ರದ ಮೇಲಿತ್ತೋ? ಸೈಕಲನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲೇ ಇದೆ, ಕೆಡವುವ ಶಕ್ತಿಯೂ ಅದರಲ್ಲೇ ಇದೆ. ಬೆಳಿಗ್ಗೆ ಮನೆಯಿಂದ ಹೊರಟ ಹೊಸತರಲ್ಲಿ ಇಳಿದ ಹಾಗೆಯೇ ದಣಿದ ಮೇಲೂ ಇಳಿದು ಬಂದಿರೆಂದರೆ ಅರ್ಧ ತಯಾರಿ ಆಯಿತು. ಆಗದಿದ್ದರೆ ಇನ್ನೂ ಒಂದೆರಡು ತಿಂಗಳು ಕಾಯಿರಿ. ರೇಸು ಮುಂದಿನ ವರ್ಷವೂ ಬರುತ್ತದೆ.

ಇನ್ನೊಂದು ಮಾತು. ದಾರಿ ಕಷ್ಟವೆನಿಸಿದ ಕಡೆ ಸೈಕಲಿನಿಂದ ಇಳಿದು ನೂಕಿಕೊಂಡು ಹೋಗಲು ನಿಮಗೆ ನಾಚಿಕೆಯಾಗುತ್ತದೆಯೇ? ಹಿಂದಿನಿಂದ ಒಬ್ಬ ನಗುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ ಎಂದು ಅನಿಸುತ್ತದೆಯೇ? ನಾಚಿಕೆಯಾಗುತ್ತದೆ ಎಂದಾದರೆ ನಿಮ್ಮ ಕಾಲು ತಯಾರಾಗಿದೆ, ತಲೆ ತಯಾರಾಗಿಲ್ಲ. ಇಳಿದು ನಡೆಯುವುದಕ್ಕೆ ನಿಯಮದ ಅಡ್ಡಿಯಿಲ್ಲ. ಎಷ್ಟೋ ಕಡೆ ಕಠಿಣವಾದ ಜಾಗದ ಪಕ್ಕದಲ್ಲೇ ಸುತ್ತು ಬಳಸಿ ಹೋಗುವ ಸುಲಭದ ದಾರಿಯನ್ನೂ ಬಿಟ್ಟಿರುತ್ತಾರೆ. ಹಿಂದಿನ ದಿನವೇ ಹೋಗಿ ಇಡೀ ಸುತ್ತನ್ನು ನಡೆದು ನೋಡಿ, ಎಲ್ಲಿ ಇಳಿಯುವುದು ಎಂದು ಆಗಲೇ ತೀರ್ಮಾನಿಸಿಕೊಳ್ಳಿ. ರೇಸಿನ ಬಿಸಿಯಲ್ಲಿ ತೀರ್ಮಾನಕ್ಕೆ ಹೊರಟರೆ ಹಮ್ಮು ಗೆಲ್ಲುತ್ತದೆ.

ಸೈಕಲಿನ ವಿಷಯದಲ್ಲಿ ಲಕ್ಷ ರೂಪಾಯಿ ಖರ್ಚು ಮಾಡಲೇಬೇಕೆಂದಿಲ್ಲ. ಆದರೆ ಅಂಗಡಿಯಲ್ಲಿ ದಪ್ಪ ಟೈರು, ಮುಂದೊಂದು ಸ್ಪ್ರಿಂಗು ತೋರಿಸಿ 'ಎಂಟಿಬಿ' ಎಂದು ಮಾರುವ ಎಲ್ಲವೂ ಗುಡ್ಡಕ್ಕೆ ತಾಳುವುದಿಲ್ಲ. ಕೆಲವು ನೋಟಕ್ಕೆ ಮಾತ್ರ. ತಿಳಿದ ಮೆಕ್ಯಾನಿಕ್‌ಗೆ ತೋರಿಸಿ ಬ್ರೇಕ್, ಚೈನು, ಚಕ್ರದ ಕಡ್ಡಿ, ಹ್ಯಾಂಡಲ್ ನೋಡಿಸಿ. ಹೆಲ್ಮೆಟ್ ಇಲ್ಲದೆ ಅಭ್ಯಾಸಕ್ಕೂ ಇಳಿಯಬೇಡಿ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು.

ಪಂಕ್ಚರ್ ಆದರೆ ನೀವೇ ಟ್ಯೂಬ್ ಬದಲಿಸಿಕೊಳ್ಳಬೇಕು. ಹೊರಗಿನವರ ಸಹಾಯ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಸಿಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ನಡುವೆ ಪಂಕ್ಚರ್ ಆಗಿ ಅಮೂಲ್ಯ ಸಮಯ ಕಳೆದುಕೊಂಡರೂ ಮತ್ತೆ ಬೆನ್ನಟ್ಟಿ ಚಿನ್ನ ಗೆದ್ದರು. ಅವರ ಚಕ್ರ ಬದಲಿಸಿಕೊಡಲು ಜನರಿದ್ದರು, ನಿಮಗೆ ನಿಮ್ಮ ಪುಟ್ಟ ಪಂಪೇ ಗತಿ. ಮನೆಯ ಅಂಗಳದಲ್ಲಿ ಗಡಿಯಾರ ಇಟ್ಟುಕೊಂಡು ನಾಲ್ಕು ಸಲ ಬಿಚ್ಚಿ ಹಾಕಿ ಕಲಿಯಿರಿ. ತಂಗಿಯನ್ನು ಸಮಯ ನೋಡಲು ಕೂರಿಸಿದರೆ ಅವಳೇ ಬೇಗ ಕಲಿತುಬಿಡುತ್ತಾಳೆ!

ಹೆತ್ತವರಿಗೆ ಎರಡು ಮಾತು. ಶ್ರಮಪಡುವಾಗ ಎದೆನೋವು ಅಥವಾ ತಲೆಸುತ್ತಿ ಬಿದ್ದದ್ದು ಇದ್ದರೆ, ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ತೋರಿಸದೆ ಬಿಡಬೇಡಿ. ಉಬ್ಬಸವಿದ್ದರೆ ಇನ್‌ಹೇಲರ್ ಜೇಬಿನಲ್ಲಿರಲಿ. ದಾರಿಯಲ್ಲಿ ಸ್ವಯಂಸೇವಕರು ನಿಲ್ಲುತ್ತಾರೆಯೇ, ಆ್ಯಂಬುಲೆನ್ಸ್ ಇರುತ್ತದೆಯೇ ಎಂದು ಆಯೋಜಕರನ್ನು ನೇರವಾಗಿ ಕೇಳಿ. ಒಪ್ಪಿಗೆ ಪತ್ರವನ್ನು ಓದಿಯೇ ಸಹಿ ಹಾಕಿ. ತಲೆಗೆ ಪೆಟ್ಟು ಬಿದ್ದವನು "ಏನೂ ಆಗಿಲ್ಲ" ಎಂದರೂ ಅಂದು ಮತ್ತೆ ಸೈಕಲ್ ಹತ್ತಿಸಬೇಡಿ. ಚೀಲದಲ್ಲಿ ನೀರು, ನಾಲ್ಕು ಖರ್ಜೂರ, ಒಂದು ಬಾಳೆಹಣ್ಣು ಇರಲಿ. ದುಬಾರಿ ಪೊಟ್ಟಣಗಳು ಮೊದಲ ರೇಸಿಗೆ ಬೇಕಾಗಿಲ್ಲ. 2005ರಲ್ಲಿ ಆರಂಭವಾದ ಎಂಟಿಬಿ ಹಿಮಾಲಯದಂಥ ಹಲವು ದಿನಗಳ ರೇಸಿನ ಚಿತ್ರ ನೋಡಿ ಮಗ ಅದಕ್ಕೇ ಹೋಗುತ್ತೇನೆಂದರೆ ಮಾತ್ರ ಸ್ವಲ್ಪ ತಡೆಯಿರಿ. ಮೊದಲನೆಯದು ಊರ ಹತ್ತಿರದ, ಒಂದು ಗಂಟೆಯ ರೇಸಾಗಿರಲಿ.

ಕೊರಳೆಲುಬು ಕೂಡಿದ ಮರುವರ್ಷ ನಾನು ಮತ್ತೆ ಹೋದೆ. ಆ ಹತ್ತು ತಿಂಗಳು ವಾರಕ್ಕೆರಡು ಸಲ ಇಳಿಜಾರನ್ನೇ ಅಭ್ಯಾಸ ಮಾಡಿದ್ದೆ. ಎರಡು ಕಡೆ ಸೈಕಲಿನಿಂದ ಇಳಿದು ನಡೆದೆ. ಹಿಂದಿನಿಂದ ವೇಗವಾಗಿ ಬಂದವರಿಗೆ ಜಾಗ ಬಿಟ್ಟುಕೊಟ್ಟೆ. ಮುಗಿಸುವಾಗ ನನ್ನ ಹಿಂದೆ ಇದ್ದದ್ದು ಮೂರೇ ಜನ. ಸಂಜೆ ಮನೆಗೆ ಬಂದಾಗ ಉಮ್ಮ ಎಷ್ಟನೆಯವನಾದೆ ಎಂದು ಕೇಳಲಿಲ್ಲ. ಎರಡೂ ಕೈ ಮೇಲೆತ್ತಿ ತೋರಿಸಲು ಹೇಳಿದರು. ತೋರಿಸಿದೆ. ಊಟಕ್ಕೆ ಬಡಿಸಿದರು.