ಹತ್ತಿಕಟ್ಟಿಗೆಯೂ ವಿಮಾನವೂ

ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಜೋಳ, ತೊಗರಿಗಳ ಜೊತೆಗೆ ಭತ್ತವೂ ಹತ್ತಿಯೂ ಹೇರಳವಾಗಿ ಬೆಳೆಯತೊಡಗಿದುವು. ಸುಗ್ಗಿ ಮುಗಿದ ಬಳಿಕ ಕಕ್ಕೇರಾ ಸೀಮೆಯ ಹೊಲಗಳಲ್ಲಿ ಉಳಿಯುವ ಹತ್ತಿಕಟ್ಟಿಗೆ ವಿಮಾನವನ್ನು ಹಾರಿಸಬಲ್ಲದೆಂದರೆ ಹಲವರು ನಂಬಲಾರರು. ರಸಾಯನ ಶಾಸ್ತ್ರ ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ವಿಮಾನದ ಇಂಧನವೆಂಬುದು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಕಟ್ಟಿಗೆಯಲ್ಲಿಯೂ ಈ ಎರಡು ಮೂಲವಸ್ತುಗಳಿವೆ. ಆದರೆ ಆಮ್ಲಜನಕವೂ ಕೂಡಿಕೊಂಡಿದೆ. ಕಟ್ಟಿಗೆಯನ್ನು ಪೂರ್ತಿ ಉರಿಯಗೊಡದೆ ಮಿತವಾದ ಆಮ್ಲಜನಕದಲ್ಲಿ ಕಾಯಿಸಿದರೆ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಅನಿಲಗಳು ದೊರೆಯುತ್ತವೆ. ಇವನ್ನು ಶುದ್ಧಿಗೊಳಿಸಿ ಕಬ್ಬಿಣ ಅಥವಾ ಕೋಬಾಲ್ಟ್ ವೇಗವರ್ಧಕದ ಮೇಲೆ ಹಾಯಿಸಿ ದ್ರವ ಇಂಧನ ಪಡೆಯುವ ವಿಧಾನವನ್ನು ಜರ್ಮನಿಯ ಫಿಷರ್ ಮತ್ತು ಟ್ರಾಪ್ಶ್ ಎಂಬ ವಿಜ್ಞಾನಿಗಳು 1920ರ ದಶಕದಲ್ಲಿಯೇ ತೋರಿಸಿಕೊಟ್ಟರು. ಇದರ ಮೊದಲ ಹೆಜ್ಜೆ ನಮ್ಮ ನಾಡಿಗೂ ಹೊಸದಲ್ಲ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಯ ಅನಿಲದಿಂದ ಡೀಸೆಲಿನ ಬಹುಭಾಗವನ್ನು ಉಳಿಸಿ, ಎಂಜಿನ್ ನಡೆಸಿ, ಊರಿಗೆ ದೀಪ ಒದಗಿಸಿದರು. ಸಸ್ಯಜನ್ಯ ಇಂಧನದಿಂದ ಹಾರಾಟವೂ ನಡೆದಿದೆ: 2018ರ ಆಗಸ್ಟ್ 27ರಂದು ಡೆಹರಾಡೂನಿನಿಂದ ದೆಹಲಿಗೆ ಬಂದ ವಿಮಾನದಲ್ಲಿ ಜಟ್ರೋಫಾ ಎಣ್ಣೆಯಿಂದ ತಯಾರಿಸಿದ ಇಂಧನವನ್ನು ಬೆರೆಸಲಾಗಿತ್ತು.

ಇಷ್ಟಾದರೂ ವಿದ್ಯುತ್ ಕೋಶಗಳಿಂದಲೇ ವಿಮಾನಗಳನ್ನು ನಡೆಸಬಾರದೇಕೆ ಎಂದು ಕೇಳಬಹುದು. ಒಂದು ಕಿಲೋಗ್ರಾಂ ವಿಮಾನ ಇಂಧನದಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿಯಿದೆ. ಅದೇ ತೂಕದ ಲಿಥಿಯಂ ಕೋಶದಲ್ಲಿ 1 ಮೆಗಾಜೂಲ್ ಇರುವುದೂ ಕಷ್ಟ. ದೂರದ ಹಾರಾಟಕ್ಕೆ ದ್ರವ ಇಂಧನವೇ ಬೇಕು. ಆದುದರಿಂದಲೇ ಭಾರತದಿಂದ ಹೊರದೇಶಗಳಿಗೆ ಹೋಗುವ ವಿಮಾನಗಳ ಇಂಧನದಲ್ಲಿ 2027ಕ್ಕೆ ನೂರಕ್ಕೆ 1 ಪಾಲು, 2028ಕ್ಕೆ 2 ಪಾಲು ಇಂತಹ ಇಂಧನವಿರಬೇಕೆಂಬ ಗುರಿಯನ್ನು 2023ರಲ್ಲಿ ಗೊತ್ತುಮಾಡಲಾಯಿತು.

ಗುರಿ ಯೋಗ್ಯವಾದುದೇ. ಆದರೆ ಹೊಲದಲ್ಲಿ ಉಳಿದುದೆಲ್ಲವೂ ಕಸವೆಂದು ಎಣಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಜೋಳದ ಕಣಿಕೆ ದನಗಳ ಮೇವು. ತೊಗರಿಕಟ್ಟಿಗೆ ಬಡವರ ಒಲೆಯ ಉರುವಲು. ಭತ್ತದ ಹುಲ್ಲಿನಲ್ಲಿ ಮೇವಿನ ಪಾಲೂ ಇದೆ, ಮಣ್ಣಿನ ಪಾಲೂ ಇದೆ. ಹಣವುಳ್ಳ ಕಾರ್ಖಾನೆ ಇವುಗಳಿಗೆ ಬೆಲೆ ಕಟ್ಟತೊಡಗಿದರೆ, ನಾಲ್ಕು ದನ ಕಟ್ಟಿಕೊಂಡ ಭೂಹೀನನು ಮೇವಿಗಾಗಿ ಆಕಾಶಯಾನದೊಡನೆ ಪೈಪೋಟಿ ನಡೆಸಬೇಕಾದೀತು. ಹತ್ತಿಕಟ್ಟಿಗೆಯ ಮಾತು ಬೇರೆ. ಅದು ದನಗಳಿಗೆ ಒಳ್ಳೆಯ ಮೇವಲ್ಲ. ಹೊಲದಲ್ಲಿಯೇ ಬಿಟ್ಟರೆ ಗುಲಾಬಿ ಕಾಯಿಕೊರಕಕ್ಕೆ ಆಶ್ರಯವಾಗುತ್ತದೆ. ಒಲೆಗೆ ಬೇಕಾದಷ್ಟನ್ನು ಇಟ್ಟುಕೊಂಡು, ಹೊಲದಲ್ಲಿ ಸುಟ್ಟುಹಾಕುವ ಭಾಗದಿಂದಲೇ ಕಾರ್ಯವನ್ನು ಆರಂಭಿಸುವುದು ಲೇಸು.

ಒಂದು ಟನ್ ದ್ರವ ಇಂಧನಕ್ಕೆ ಸುಮಾರು 5–6 ಟನ್ ಒಣ ಕಟ್ಟಿಗೆ ಬೇಕಾಗುತ್ತದೆ. ಇಂತಹ ಹಗುರವಾದ, ಸ್ಥಳವನ್ನು ಹೆಚ್ಚಾಗಿ ಆಕ್ರಮಿಸುವ ಸರಕನ್ನು ದೂರ ಸಾಗಿಸಿದಷ್ಟೂ ಡೀಸೆಲ್ ಉರಿದು, ಗಾಳಿಗೆ ಸೇರುವ ಇಂಗಾಲದಲ್ಲಾಗುವ ಉಳಿತಾಯ ಕರಗುತ್ತದೆ. ಆದಕಾರಣ ಕತ್ತರಿಸಿ ಅದುಮುವ ಕೆಲಸ ಊರಿನಲ್ಲಿಯೇ ನಡೆಯಬೇಕು. ತೂಕವೂ ಹಣವೂ ರೈತನ ಕಣ್ಣೆದುರಿನಲ್ಲಿಯೇ ಆಗಬೇಕು. ಎಕರೆಗೆ ಎಷ್ಟು ಕಟ್ಟಿಗೆ ಬರುತ್ತದೆ, ಅದರಲ್ಲಿ ಒಲೆಗೆಷ್ಟು, ಬೆಂಕಿಗೆಷ್ಟು ಎಂಬುದನ್ನು ಆ ಸೀಮೆಯ ಕಾಲೇಜು ವಿದ್ಯಾರ್ಥಿಗಳೇ ಒಂದು ಸುಗ್ಗಿಯಲ್ಲಿ ತೂಗಿ ಬರೆದಿಡಬಹುದು. ಕಾರ್ಖಾನೆಯ ಯೋಜನೆ ಆ ಲೆಕ್ಕದ ಮೇಲೆ ನಿಲ್ಲಲಿ.