ತುಕ್ಕು ಹಿಡಿದ ಹಳಿಗಳ ಮುಂದೆ ಬರಿಯ ನಿಟ್ಟುಸಿರೇ?

ಹುಲ್ಲು ಮುಚ್ಚಿದ ಹಳಿ, ಗಾಜೊಡೆದ ಟಿಕೆಟ್ ಕಿಟಕಿ, ಯಾರೂ ಕೂರದ ಬೆಂಚು: ಕೈಬಿಟ್ಟ ರೈಲುದಾರಿಯ ಚಿತ್ರಗಳಲ್ಲಿ ಇವು ಮತ್ತೆ ಮತ್ತೆ ಕಾಣಸಿಗುತ್ತವೆ. ನೋಡಿದವರು 'ಎಷ್ಟು ಸುಂದರ, ಎಷ್ಟು ಮನಕಲಕುವಂಥದು' ಎಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ಬಗ್ಗೆಯೇ ನನ್ನ ತಕರಾರು. ಹಳ್ಳಿಯ ಅವನತಿಯನ್ನು ಮುಪ್ಪಿನಂತೆ ತಾನಾಗಿ ಬಂದದ್ದೆಂದು ತೋರಿಸುವ ಕಲೆ ಅರ್ಧಸತ್ಯವನ್ನಷ್ಟೇ ಹೇಳುತ್ತದೆ. ಹಳಿಗಳು ತಾವಾಗಿ ಸಾಯುವುದಿಲ್ಲ. ಎಲ್ಲೋ ಒಂದು ಕಾಗದದ ಮೇಲೆ ಯಾರದೋ ಸಹಿ ಬಿದ್ದಿರುತ್ತದೆ.

ರೈಲಿನ ತವರಾದ ಬ್ರಿಟನ್ನನ್ನೇ ನೋಡೋಣ. 1963ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ 2,363 ನಿಲ್ದಾಣಗಳನ್ನೂ ಸುಮಾರು 8,000 ಕಿಲೋಮೀಟರ್ ಮಾರ್ಗವನ್ನೂ ಮುಚ್ಚಲು ಶಿಫಾರಸು ಮಾಡಿತು. ನಷ್ಟವಿದ್ದುದು ನಿಜ. ಕಾರು, ಲಾರಿಗಳು ಪ್ರಯಾಣಿಕರನ್ನೂ ಸರಕನ್ನೂ ಸೆಳೆದುಕೊಂಡಿದ್ದವು. ಆದರೆ ಅಳೆದ ಕೋಲು ಎಂಥದು? 1961ರ ಏಪ್ರಿಲ್ ತಿಂಗಳ ಒಂದೇ ವಾರದ ಸಂಚಾರದ ಎಣಿಕೆ! ಬೇಸಿಗೆಯಲ್ಲಿ ತುಂಬಿ ತುಳುಕುವ ಕಡಲತೀರದ ಊರುಗಳಿಗೆ ಇದರಿಂದ ನ್ಯಾಯ ದೊರೆಯುವುದೆಂತು? ರೈಲಿನ ಬದಲಿಗೆ ಕೊಟ್ಟ ಬಸ್ಸುಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ನಿಂತುಹೋದವು. ಕಾರಿದ್ದವರು ಹೇಗೋ ನಿಭಾಯಿಸಿಕೊಂಡರು. ಇಲ್ಲದವರಿಗೆ ಪೇಟೆಯೂ ಆಸ್ಪತ್ರೆಯೂ ದೂರವಾದವು.

ಕಲೆ ಇದನ್ನು ಹೇಗೆ ಕಂಡಿತು? ಇಂಗ್ಲೆಂಡಿನ ಆಡಲ್‌ಸ್ಟ್ರಾಪ್ ಎಂಬ ಪುಟ್ಟ ನಿಲ್ದಾಣದಲ್ಲಿ 1914ರ ಜೂನ್ ತಿಂಗಳಲ್ಲಿ ರೈಲು ಕ್ಷಣಕಾಲ ನಿಂತದ್ದನ್ನು ಕವಿ ಎಡ್ವರ್ಡ್ ಥಾಮಸ್ ಕವಿತೆಯಾಗಿಸಿದರು. ಕವಿತೆ ಉಳಿಯಿತು, ನಿಲ್ದಾಣವನ್ನು 1966ರಲ್ಲಿ ಮುಚ್ಚಲಾಯಿತು. ಆ ಹಳಿಯ ಮೇಲೆ ಇಂದಿಗೂ ರೈಲುಗಳು ಓಡುತ್ತವೆ, ಅಲ್ಲಿ ಮಾತ್ರ ನಿಲ್ಲುವುದಿಲ್ಲ. ನಿಲ್ದಾಣದ ನಾಮಫಲಕ ಈಗ ಊರಿನ ಬಸ್ ತಂಗುದಾಣದಲ್ಲಿದೆ. ತಪ್ಪು ಕವಿಯದಲ್ಲ, ಅವರು ಬಣ್ಣಿಸಿದ್ದು ಜೀವಂತ ನಿಲ್ದಾಣವನ್ನು. ಹೆಸರನ್ನು ಜೋಪಾನ ಮಾಡಿ ರೈಲನ್ನು ಮರೆಯುವ ರಸಿಕತೆಯದು ತಪ್ಪು. ಫ್ಲಾಂಡರ್ಸ್ ಮತ್ತು ಸ್ವಾನ್ ಎಂಬ ಗಾಯಕ ಜೋಡಿಯಾದರೋ 1963ರಲ್ಲೇ 'ಸ್ಲೋ ಟ್ರೇನ್' ಎಂಬ ಹಾಡಿನಲ್ಲಿ ಮುಚ್ಚುವ ಭೀತಿಯಲ್ಲಿದ್ದ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಪೋಣಿಸಿತು. ಹೆಸರು ಹಿಡಿದು ಕರೆದಾಗ ವರದಿಯ ಅಂಕಿ ಮತ್ತೆ ಊರಾಗುತ್ತದೆ. ಕಲೆ ಮಾಡಬೇಕಾದ ಕೆಲಸ ಅದು.

ಸ್ಕಾಟ್ಲೆಂಡಿನ ಗಡಿಭಾಗದ ನ್ಯೂಕ್ಯಾಸಲ್‌ಟನ್ ಹಳ್ಳಿಯವರು ಶೋಕಗೀತೆಗಾಗಿ ಕಾಯಲಿಲ್ಲ. 1969ರ ಜನವರಿಯಲ್ಲಿ, ವೇವರ್ಲಿ ಮಾರ್ಗದ ಕೊನೆಯ ರಾತ್ರಿ, ಗೇಟು ಮುಚ್ಚಿ ರೈಲನ್ನೇ ತಡೆದು ನಿಂತರು. ಪೊಲೀಸರು ಬಂಧಿಸಿದ್ದು ಯಾರನ್ನು? ಆ ಊರಿನ ಸಭಾಪಾಲಕರನ್ನು! ಅವರ ಬಿಡುಗಡೆಗೆ ಒಪ್ಪಿಗೆ ದೊರೆತ ಮೇಲೆಯೇ ಜನ ದಾರಿ ಬಿಟ್ಟರು. ಮಾರ್ಗವೇನೋ ಮುಚ್ಚಿತು, ಕೂಗು ಅಡಗಲಿಲ್ಲ. 2015ರ ಸೆಪ್ಟೆಂಬರ್ ತಿಂಗಳಲ್ಲಿ ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕ್‌ವರೆಗಿನ ಭಾಗ ಮತ್ತೆ ತೆರೆಯಿತು. ಮೊದಲ ವರ್ಷದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ನಡೆದವು. ಒಮ್ಮೆ ಬೇಡವಾಗಿದ್ದ ಹಳಿ ಮತ್ತೆ ಬೇಕಾಯಿತು. ಆದರೆ ಅದು ನ್ಯೂಕ್ಯಾಸಲ್‌ಟನ್ನನ್ನು ಇನ್ನೂ ಮುಟ್ಟಿಲ್ಲ.

ಪ್ರಿಯ ಓದುಗರೇ, ಪಾಳುಬಿದ್ದ ನಿಲ್ದಾಣದ ಚಿತ್ರ ಇನ್ನು ಮುಂದೆ ಕಣ್ಣಿಗೆ ಬಿದ್ದಾಗ ಅದರ ಸೊಬಗಿಗಷ್ಟೇ ಮನಸೋಲದಿರೋಣ. ಇದನ್ನು ಮುಚ್ಚಿದವರು ಯಾರು, ಯಾವ ಲೆಕ್ಕ ಹಿಡಿದು ಮುಚ್ಚಿದರು, ಮರುದಿನ ಬೆಳಿಗ್ಗೆ ನಡೆದುಹೋಗಬೇಕಾಗಿ ಬಂದವರು ಯಾರು ಎಂದು ಕೇಳೋಣ. ನಮ್ಮ ಹಳ್ಳಿಯ ಶಾಲೆಯೋ ಬಸ್ಸೋ 'ಲಾಭವಿಲ್ಲ' ಎಂಬ ಪಟ್ಟಿಗೆ ಸೇರುವ ದಿನ ಬಂದರೆ, ಅದೇ ಪ್ರಶ್ನೆಯನ್ನು ಬಾಗಿಲು ಮುಚ್ಚುವ ಮುನ್ನವೇ ಕೇಳುವ ಧೈರ್ಯ ನಮಗಿರಲಿ.